ಟವೆಲ್ ಹಾಕಿದ ಕುರ್ಚಿ

ಮೇಡಮ್ ಯಾವ ಮನೆಯಿಂದಲೂ ಒಂದೇ ಸಲಕ್ಕೆ ಹೊರಟವರಲ್ಲ. ಚಪ್ಪಲಿ ಮೆಟ್ಟಿ, ಗೇಟು ದಾಟಿ, ಬೀದಿ ತಿರುವಿನವರೆಗೆ ಹೋಗಿ ಮತ್ತೆ ವಾಪಸ್ ಬರುತ್ತಿದ್ದರು. ಗ್ಯಾಸ್ ಆಫ್ ಆಗಿದೆಯಾ, ನಲ್ಲಿ ನಿಂತಿದೆಯಾ, ಯು.ಪಿ.ಎಸ್.ನ ಹಸಿರು ದೀಪ ಉರಿಯುತ್ತಿದೆಯಾ ಅಂತ ನೋಡಬೇಕು. ಅದು ಅವರದೇ ಮನೆ ಆಗಬೇಕೆಂದೇನೂ ಇಲ್ಲ, ನಮ್ಮನೆಯಾದರೂ ಸರಿ. "ಗ್ಯಾಸ್ ನಮ್ದು ಮೇಡಮ್, ನಾವ್ ನೋಡ್ಕೋತೀವಿ ಹೋಗಿ" ಅಂತ ನಮ್ಮಮ್ಮ ನಗುತ್ತಿದ್ದಳು. "ನೀವ್ ನೋಡ್ಕೋತೀರಿ ಕಣಮ್ಮ, ಬಸ್ಸಲ್ಲಿ ಕೂತ್ಕೊಂಡು ಯೋಚ್ನೆ ಮಾಡೋಳು ನಾನಲ್ವಾ?" ಅನ್ನುತ್ತಿದ್ದರು ಅವರು. ಅಂಥವರು ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವರು ಮತ್ತೆ ಏಳಲಿಲ್ಲ. ತೂಬಗೆರೆಯಿಂದ ಅವರ ಅಣ್ಣನ ಮಗಳು ಫೋನ್ ಮಾಡಿ ಹೇಳಿದಾಗ ನನಗೆ ಮೊದಲು ಬಂದ ಯೋಚನೆ, ಈ ಸಲ ಒಂದೇ ಸಲಕ್ಕೆ ಹೊರಟುಬಿಟ್ಟರಲ್ಲ ಅಂತ. ಅಳು ಬಂದದ್ದು ಆಮೇಲೆ.

ಅವರು ನನಗೆ ಸಿಕ್ಕಿದ್ದು ದೊಡ್ಡಬಳ್ಳಾಪುರದಲ್ಲಿ, ನಾನು ಡಿಪ್ಲೊಮಾ ಓದುವಾಗ. ನಾನು ನೇಕಾರರ ಮನೆ ಹುಡುಗಿ. ಪವರ್‌ಲೂಮಿನ ಸದ್ದಿನಲ್ಲಿ ಬೆಳೆದದ್ದರಿಂದ ನಮ್ಮ ಬೀದಿಯಲ್ಲಿ ಯಾರಿಗೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮೇಡಮ್ ತೂಬಗೆರೆಯ ಬೇಸಾಯದ ಮನೆಯವರು, ಮೆಲುದನಿ. ತೆಳ್ಳನೆ ಮೈ, ಪಿನ್ನು ಹಾಕಿದ ಕಾಟನ್ ಸೀರೆ, ಹೆಗಲಲ್ಲೊಂದು ಕಂದು ಬ್ಯಾಗು. ಬ್ಯಾಗಿನಲ್ಲಿ ಟಾರ್ಚು, ಮೇಣದಬತ್ತಿ, ಬೆಂಕಿಪೊಟ್ಟಣ, ಸ್ಕ್ರೂಡ್ರೈವರು, ಹಲಸಿನ ಕಾಲವಾದರೆ ಒಂದು ಡಬ್ಬಿ ತೊಳೆ. ತೂಬಗೆರೆ ಹಲಸು ಅಂದರೆ ನಮ್ಮ ಕಡೆ ಬಾಯಿ ನೀರೂರುತ್ತದೆ, ಆದರೆ ಅವರು ತೊಳೆ ಕೊಡುವ ಮೊದಲೇ ಶುರುಮಾಡುತ್ತಿದ್ದರು, ಖಾಲಿ ಹೊಟ್ಟೇಲಿ ತಿನ್ಬೇಡಿ, ಜಾಸ್ತಿ ತಿನ್ಬೇಡಿ, ಮೇಲೆ ನೀರು ಕುಡೀಬೇಡಿ ಅಂತ. ನಾವು ಮೂರನ್ನೂ ಮಾಡುತ್ತಿದ್ದೆವು. ಯಾರಿಗೂ ಏನೂ ಆಗುತ್ತಿರಲಿಲ್ಲ.

ಅವರು ಹೇಳಿಕೊಡುತ್ತಿದ್ದದ್ದು ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರಿನ ಒಳಗೆ ಕೂತು ಎಲ್ಲ ಪ್ರೋಗ್ರಾಮುಗಳನ್ನೂ ಸಂಭಾಳಿಸುವ ಕರ್ನೆಲ್ ಅನ್ನುವುದೊಂದಿದೆ, ಅದರ ಬಗ್ಗೆ. ಬೇರೆ ಮೇಷ್ಟ್ರುಗಳು ಪಾಠ ಮಾಡಿ ಹೋಗುತ್ತಿದ್ದರು. ಇವರು ಮನೆಯಲ್ಲಿ ಜ್ವರ ಬಂದ ಮಗುವನ್ನು ಬಿಟ್ಟು ಬಂದವರ ಹಾಗೆ ಪಾಠ ಮಾಡುತ್ತಿದ್ದರು.

ನಮ್ಮ ಲ್ಯಾಬಿನಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅನ್ನುವುದು ದೇವರಿಗೂ ಗೊತ್ತಿರಲಿಲ್ಲ. ಬೆಲ್ಲು ಹೊಡೆದ ಕೂಡಲೆ ಹುಡುಗರು ಸ್ವಿಚ್ ಆರಿಸಿ ಓಡುತ್ತಿದ್ದರು. ಮೇಡಮ್ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. "ಸಿಂಕ್ ಹೊಡೆದ್ರಾ? ಹೊಡೀದೆ ಯಾರೂ ಹೋಗಂಗಿಲ್ಲ." ಸಿಂಕ್ ಅನ್ನುವುದು ಒಂದು ಅಪ್ಪಣೆ. ಬಾಕಿ ಇರುವುದನ್ನೆಲ್ಲ ಡಿಸ್ಕಿಗೆ ಬರೆದು ಮುಗಿಸು ಅಂತ ಕರ್ನೆಲ್ಲಿಗೆ ಹೇಳುವುದು. ಅದನ್ನು ಮೂರು ಸಲ ಹೊಡೆಯಬೇಕಿತ್ತು. ಒಬ್ಬ ಚಾಲಾಕಿ ಮೂರನ್ನೂ ಒಂದೇ ಸಾಲಿನಲ್ಲಿ ಹೊಡೆದು ಎದ್ದ. ಅವನನ್ನು ಮತ್ತೆ ಕೂರಿಸಿದರು.

"ಮೂರು ಸಲ ಹೊಡಿಯೋದು ಮಂತ್ರಕ್ಕಲ್ಲ ಕಣೋ. ಹಳೇ ಯಂತ್ರಗಳಲ್ಲಿ ಮೊದಲನೇದಕ್ಕೆ ಕರ್ನೆಲ್ ಕೆಲ್ಸ ಶುರು ಮಾಡ್ತಿತ್ತು, ಅಷ್ಟೇ. ಎರಡನೇದು ಮೂರನೇದು ಹೊಡಿಯೋ ಹೊತ್ತಿಗೆ ಡಿಸ್ಕು ಬರೆದು ಮುಗಿಸ್ತಿತ್ತು. ಮನುಷ್ಯ ಸ್ವಲ್ಪ ಹೊತ್ತು ಕೂತ್ಕೊಳ್ಲಿ ಅಂತ ಹಳಬರು ಮಾಡಿದ ಉಪಾಯ."

"ಈಗಿನ ಯಂತ್ರದಲ್ಲಿ ಒಂದೇ ಸಾಕಲ್ವಾ ಮೇಡಮ್?"

"ಸಾಕು. ಆದ್ರೂ ಹೊಡಿ."

ಹುಡುಗರು ಅವರಿಗೆ ಸಿಂಕ್ ಮೇಡಮ್ ಅಂತ ಹೆಸರಿಟ್ಟರು. ಅವರಿಗೆ ಗೊತ್ತಿತ್ತು, ಬೇಜಾರೇನೂ ಮಾಡಿಕೊಳ್ಳಲಿಲ್ಲ.

ಒಂದು ದಿನ ಕ್ಲಾಸಿನಲ್ಲಿ ಕೇಳಿದರು, "ಸೇವ್ ಒತ್ತಿದ್ರಿ. ಆಯ್ತು ಅಂತ ಬಂತು. ನೀವು ಬರ್ದಿದ್ದು ಎಲ್ಲಿಗೆ ಹೋಯ್ತು?" ಡಿಸ್ಕಿಗೆ ಅಂದೆವು. "ಹೋಗಿಲ್ಲ. ಕರ್ನೆಲ್ ಅದನ್ನ ಮೆಮೊರಿಯಲ್ಲಿ ಇಟ್ಕೊಂಡಿದೆ. ಡಿಸ್ಕು ನಿಧಾನ, ನಿಮಗೆ ಆತುರ. ಅದಕ್ಕೆ ಆಯ್ತು ಅಂತ ನಿಮ್ಮನ್ನ ಸಮಾಧಾನ ಮಾಡಿ ಕಳ್ಸಿದೆ, ಬಿಡುವಾದಾಗ ಬರ್ಕೊಳ್ಳುತ್ತೆ. ಮೆಜೆಸ್ಟಿಕ್ಕಲ್ಲಿ ಬಸ್ ಹತ್ತಿದೆ ಅಂತ ನಿಮ್ಮಮ್ಮನಿಗೆ ಫೋನ್ ಮಾಡಿದ್ರೆ ಮನೆ ತಲುಪಿದ ಹಾಗಾಯ್ತಾ? ಮಧ್ಯ ಹೆಬ್ಬಾಳ ಇದೆ, ಯಲಹಂಕ ಇದೆ, ರಾಜಾನುಕುಂಟೆ ಇದೆ. ಟೈರು ಪಂಚರ್ ಆಗ್ಬಹುದು. ಡ್ರೈವರಿಗೆ ನಿದ್ದೆ ಬರ್ಬಹುದು." ಡ್ರೈವರಿಗೆ ನಿದ್ದೆ ಬರುವುದನ್ನು ಹೇಳುವಾಗ ಅವರ ಮುಖ ನಿಜವಾಗಿಯೂ ಬಾಡಿತು. ಆ ಬಸ್ಸಿನಲ್ಲಿ ನಾವೆಲ್ಲ ಇದ್ದೇವೆ ಅನ್ನುವ ಹಾಗೆ.

ಅವತ್ತಿನಿಂದ ಒಂದು ಪದ್ಧತಿ ಶುರುವಾಯಿತು. ಮನೆ ತಲುಪಿದ ಮೇಲೆ ಅವರಿಗೆ ಫೋನ್ ಮಾಡಬೇಕು. ಇದು ಎಲ್ಲರ ಮನೆಯ ಅಮ್ಮಂದಿರೂ ಹೇಳುವ ಮಾತೇ. ಆದರೆ ಅಮ್ಮಂದಿರು ಫೋನ್ ಬರದಿದ್ದರೆ ಸ್ವಲ್ಪ ಹೊತ್ತು ಕಾಯುತ್ತಾರೆ. ಇವರು ಬಸ್ ಡಿಪೋಗೆ ಫೋನ್ ಮಾಡುತ್ತಿದ್ದರು. ವಾಟ್ಸಾಪ್ ಬಂದ ಮೇಲೆ ನಾವು ತಲುಪಿದೆ ಅಂತ ಒಂದು ಮೆಸೇಜ್ ಹಾಕಿ ಸುಮ್ಮನಾಗುತ್ತಿದ್ದೆವು, ಅದೂ ಅವರಿಗೆ ಸಾಲದು. ಸರಿಯಾಗಿ ತಲುಪಿದೆಯಾ ಅಂತ ನೀವು ಕಳಿಸಿದ್ದಕ್ಕೆ ಎರಡು ಟಿಕ್ ಬಂದಿದೆಯಲ್ಲ ಮೇಡಮ್ ಅಂದರೆ, "ಅದು ನಿನ್ನ ಫೋನಿಗೆ ಬಂದಿದೆ ಅಂತ. ನಿನಗೆ ಬಂದಿದೆ ಅಂತ ಅಲ್ಲ" ಅನ್ನುತ್ತಿದ್ದರು.

ಯಾಕೆ ಇಷ್ಟು ಹೆದರುತ್ತೀರಿ ಅಂತ ನಾನು ಧೈರ್ಯ ಮಾಡಿ ಕೇಳಿದ್ದೆ. ಒಮ್ಮೆ, ಸಣ್ಣವಳಿದ್ದಾಗ ಬಾವಿಗೆ ಬಿದ್ದಿದ್ದೆ ಅಂದರು. ಇನ್ನೊಮ್ಮೆ, ನಮ್ಮಜ್ಜಿಯೂ ಹೀಗೇ ಇದ್ದಳು ಅಂದರು. ಮತ್ತೊಮ್ಮೆ, "ಒಳಗೆ ಏನ್ ನಡೀತದೆ ಅಂತ ಗೊತ್ತಾದ್ಮೇಲೆ ಹೆದರದೆ ಇರೋದು ಹೇಗೆ ಕಣೇ?" ಅಂದರು. ಮೂರರಲ್ಲಿ ಯಾವುದು ನಿಜವೋ ನನಗೆ ಗೊತ್ತಿಲ್ಲ.

ಬೀಗದ ಪಾಠ ಮಾಡಿದ್ದೂ ಬಸ್ಸಿನಲ್ಲೇ, ಅಂದರೆ ಬಸ್ಸಿನ ಉದಾಹರಣೆಯಲ್ಲೇ. ಒಂದೇ ಫೈಲಿಗೆ ಇಬ್ಬರು ಒಟ್ಟಿಗೆ ಬರೆದರೆ ಒಬ್ಬರದು ಹಾಳು, ಕೆಲವು ಸಲ ಇಬ್ಬರದೂ ಹಾಳು. ಅದಕ್ಕೇ ಬರೆಯುವವರು ಮೊದಲು ಬೀಗ ಹಿಡಿಯಬೇಕು. "ಕಿಟಕಿಯಿಂದ ಸೀಟಿಗೆ ಟವೆಲ್ ಹಾಕ್ತೀರಲ್ಲ, ಆ ಟವೆಲ್ಲಿಗೆ ಏನ್ ಶಕ್ತಿ ಇದೆ? ಎತ್ತಿ ಪಕ್ಕಕ್ಕಿಟ್ಟು ಕೂತ್ಕೋಬಹುದು. ಆದ್ರೂ ಯಾರೂ ಕೂರಲ್ಲ. ಕರ್ನೆಲ್ಲಿನ ಬೀಗ ಬಹಳ ಕಡೆ ಹಿಂಗೇ. ಟವೆಲ್ ಇದೆಯಾ ಅಂತ ನೋಡೋ ಪ್ರೋಗ್ರಾಮಿಗೆ ಮಾತ್ರ ಬೀಗ. ನೋಡದೆ ನುಗ್ಗೋನಿಗೆ ಏನೂ ಇಲ್ಲ."

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಮೇಡಮ್, ಟವೆಲ್ ಹಾಕ್ದೋರು ಬಸ್ ಹತ್ತೋಕ್ ಮುಂಚೆ ಸತ್ತೋದ್ರೆ?"

ಕ್ಲಾಸು ಗೊಳ್ಳೆಂದಿತು. ಮೇಡಮ್ ಸೀಮೆಸುಣ್ಣ ಕೆಳಗಿಟ್ಟರು.

"ಒಳ್ಳೇ ಪ್ರಶ್ನೆ. ಕರ್ನೆಲ್ಲೇ ಕೊಟ್ಟ ಬೀಗ ಆದ್ರೆ, ಹಿಡಿದಿದ್ದ ಪ್ರೋಗ್ರಾಮು ಸತ್ತ ಕೂಡ್ಲೆ ಕರ್ನೆಲ್ಲೇ ಬಿಡಿಸ್ತದೆ. ಆದ್ರೆ ನಾವು ಗುರುತಿಗೆ ಅಂತ ಒಂದು ಫೈಲು ಇಟ್ಟಿರ್ತೀವಲ್ಲ, ಟವೆಲ್ ಥರ, ಅದು ಅಲ್ಲೇ ಇರ್ತದೆ. ಎಲ್ರೂ ಅದನ್ನ ನೋಡ್ಕೊಂಡು ಕಾಯ್ತಾನೇ ಇರ್ತಾರೆ. ಯಾರಾದ್ರೂ ಬಂದು ಕೈಯಾರೆ ತೆಗೀಬೇಕು."

"ಯಾರು ತೆಗೀಬೇಕು ಮೇಡಮ್?"

"ಅವರು ಇನ್ನು ಬರಲ್ಲ ಅಂತ ಖಾತ್ರಿ ಆದೋರು."

ಪರೀಕ್ಷೆಗೆ ಅದು ಬರಲಿಲ್ಲ.

ಇನ್ನು ನಮ್ಮಪ್ಪನ ವಿಷಯ ಹೇಳಬೇಕು. ಯಾಕೆಂದರೆ ಮೇಡಮ್ ನಮ್ಮ ಮನೆಗೆ ಬಂದದ್ದೇ ಅವನ ಕೆಲಸಕ್ಕೆ. ಅಪ್ಪ ಸೀರೆಯ ಡಿಸೈನ್ ಬರೆಯುವವನು. ಗ್ರಾಫ್ ಹಾಳೆಯ ಮೇಲೆ ಒಂದೊಂದು ಚೌಕಕ್ಕೂ ಬಣ್ಣ ತುಂಬಿ, ಯಾವ ಎಳೆ ಮೇಲೆ ಬರಬೇಕು, ಯಾವುದು ಕೆಳಗಿರಬೇಕು ಅಂತ ಗುರುತು ಮಾಡಿ ಕೊಡುತ್ತಿದ್ದ. ಅದನ್ನು ನೋಡಿಕೊಂಡು ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುವುದು. ನಮ್ಮೂರಿನ ಎಷ್ಟೋ ಮದುವೆ ಸೀರೆಗಳ ಅಂಚು, ಸೆರಗು, ಬುಟ್ಟಾ ಅಪ್ಪನ ಕೈಯಿಂದ ಬಂದವು. ಮಗ್ಗಗಳಿಗೆ ಕಂಪ್ಯೂಟರ್ ಬಂದಾಗ ನಾನು ಆ ಹಾಳೆಗಳನ್ನೆಲ್ಲ ವರ್ಷಗಟ್ಟಲೆ ಕೂತು ಕಂಪ್ಯೂಟರಿಗೆ ಏರಿಸಿದೆ. ಎಲ್ಲವೂ ಒಂದೇ ದೊಡ್ಡ ಫೈಲಿನಲ್ಲಿ. ನಾವು ಅದನ್ನು ಲೈಬ್ರರಿ ಅನ್ನುತ್ತೇವೆ. ಆ ಹೊತ್ತಿಗೆ ಅಪ್ಪನ ಕಣ್ಣು ಮಂಜಾಗಿತ್ತು. ಹಾಳೆಗಳು ಅಟ್ಟದ ಮೇಲೆ ಗೆದ್ದಲಿಗೆ ಹೋದವು. ಅಂದರೆ ಅಪ್ಪ ಜೀವಮಾನವಿಡೀ ಬರೆದದ್ದೆಲ್ಲ ಆ ಒಂದು ಫೈಲಿನಲ್ಲಿ ಇತ್ತು, ಇನ್ನೆಲ್ಲೂ ಇರಲಿಲ್ಲ. ಮತ್ತೆ ಬರಿ ಅಂದರೆ ಬರೆಯುವ ಕಣ್ಣೂ ಅವನಿಗೆ ಇರಲಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ತಮ್ಮನೂ ಅವನ ಹೆಂಡತಿಯೂ ಡಿಸೈನ್ ಸೆಂಟರ್ ನಡೆಸುತ್ತಾರೆ. ನಾನು ಪಕ್ಕದ ಬೀದಿಗೆ ಮದುವೆಯಾಗಿ ಹೋದವಳು, ದಿನವೂ ಬಂದು ಕೂರುತ್ತೇನೆ. ಮೇಡಮ್ ನಿವೃತ್ತರಾದ ಮೇಲೆ ನನ್ನ ಒತ್ತಾಯಕ್ಕೆ ಬಂದು ಎಲ್ಲ ಜೋಡಿಸಿಕೊಟ್ಟರು. ಒಂದೇ ಯಂತ್ರ, ಅದಕ್ಕೆ ಎರಡು ಪರದೆ, ಎರಡು ಕೀಬೋರ್ಡು. ಜೊತೆಗೆ ಒಂದು ತಂತಿ ಎಳೆದು ಹಿಂದಿನ ಕೋಣೆಯ ಟಿ.ವಿ.ಗೆ. ಅಪ್ಪ ಆ ಟಿ.ವಿ.ಗೆ ಮುಖ ತಾಗಿಸಿಕೊಂಡು, ದೊಡ್ಡದಾಗಿ ಕಾಣುವ ತನ್ನ ಡಿಸೈನುಗಳನ್ನು ಒಂದೊಂದಾಗಿ ನೋಡುತ್ತಾ ಕೂರುತ್ತಾನೆ. ಬೆಳಗ್ಗೆ ಕಾಫಿ ಆದ ಮೇಲೆ ಹಾಕಿಕೊಟ್ಟರೆ ಸಂಜೆಯವರೆಗೂ ಅದೇ ಕೆಲಸ.

ನಮ್ಮ ಡಿಸೈನ್ ಸಾಫ್ಟ್‌ವೇರು ಮೇಡಮ್ ಹೇಳಿದ ಮರ್ಯಾದಸ್ಥ ಪ್ರೋಗ್ರಾಮ್ ಅಲ್ಲ. ಬೀಗ ಇದೆಯಾ ಅಂತ ಕೇಳುವುದೇ ಇಲ್ಲ, ಸೀದಾ ಬರೆಯುತ್ತದೆ. ಅದಕ್ಕೆ ಮೇಡಮ್ ನಿಜವಾಗಿಯೂ ಒಂದು ಟವೆಲ್ ತಂದರು. ಕೆಂಪು ಅಂಚಿನ ಬಿಳಿ ಟವೆಲ್. ಲೈಬ್ರರಿಗೆ ಸೇವ್ ಮಾಡುವವರು ಅದನ್ನು ತಮ್ಮ ಕುರ್ಚಿಯ ಬೆನ್ನಿಗೆ ಹಾಕಿಕೊಳ್ಳಬೇಕು. ಒಬ್ಬರ ಕುರ್ಚಿಯಲ್ಲಿ ಟವೆಲ್ ಇದ್ದರೆ ಇನ್ನೊಬ್ಬರು ಸೇವ್ ಒತ್ತುವ ಹಾಗಿಲ್ಲ. ಸೀರೆಗೆ ಡಿಸೈನ್ ಹಾಕಿಸಲು ಬಂದವರು, ಇದೇನ್ ಗುರು, ಸ್ನಾನಕ್ಕೆ ಹೊರಟಿದೀರಾ ಅಂತ ತಮ್ಮನನ್ನು ರೇಗಿಸುತ್ತಿದ್ದರು. ಇದಲ್ಲದೆ ದಿನಕ್ಕೊಂದು ಸಲ ಮಧ್ಯಾಹ್ನ ಲೈಬ್ರರಿ ತಾನಾಗಿಯೇ ಇನ್ನೊಂದು ಡಿಸ್ಕಿಗೆ ನಕಲಾಗುವ ಹಾಗೆಯೂ ಮಾಡಿಟ್ಟಿದ್ದರು. ವಾರಕ್ಕೊಮ್ಮೆ ತೂಬಗೆರೆಯಿಂದ ಬಂದು, ಯು.ಪಿ.ಎಸ್. ಪಕ್ಕದ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲ ಸರಿಯಿದೆಯಾ ನೋಡಿ ಹೋಗುತ್ತಿದ್ದರು.

ಎರಡು ವರ್ಷದ ಹಿಂದೆ, ವರಮಹಾಲಕ್ಷ್ಮಿ ಹಬ್ಬ ಇನ್ನೇನು ಬಂತು ಅನ್ನುವಾಗ ಅಮ್ಮ ಮನೆಯ ಬಟ್ಟೆಯನ್ನೆಲ್ಲ ಒಗೆಯಲು ಶುರುಮಾಡಿದಳು. ಕಿಟಕಿ ಪರದೆ, ಹೊದಿಕೆ, ದಿಂಬಿನ ಗವುಸು. ಕುರ್ಚಿಯ ಮೇಲೆ ಮಾಸಿದ ಟವೆಲ್ ಕಂಡಿತು. ಅದನ್ನೂ ಎಳೆದು ಬಕೆಟ್ಟಿನಲ್ಲಿ ನೆನೆಹಾಕಿದಳು.

ತಮ್ಮನಿಗೂ ಅವನ ಹೆಂಡತಿಗೂ ಅವತ್ತು ಮಾತಿಲ್ಲ. ಹಬ್ಬಕ್ಕೆ ಬೂದಿಗೆರೆಯ ತವರಿಗೆ ಹೋಗ್ತೀನಿ ಅಂದಿದ್ದಳು, ಆರ್ಡರ್ ಇದೆ ಅಂತ ಇವನು ತಡೆದಿದ್ದ. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೆಲಸಕ್ಕೆ ಕೂತಿದ್ದರು. ಇವನು ತಿರುಗಿ ನೋಡಿದ, ಅವಳ ಕುರ್ಚಿಯಲ್ಲಿ ಟವೆಲ್ ಇಲ್ಲ. ಅವಳೂ ನೋಡಿದಳು, ಅವನದರಲ್ಲೂ ಇಲ್ಲ. ಬೇರೆ ದಿನವಾದರೆ, ಟವೆಲ್ ಎಲ್ಲೋಯ್ತು ಅಂತ ಒಬ್ಬರಾದರೂ ಕೇಳುತ್ತಿದ್ದರು. ಅವತ್ತು ಕೇಳಿದವರು ಸೋತ ಹಾಗೆ. ಇಬ್ಬರೂ ಸೇವ್ ಒತ್ತಿದರು.

ಅವಳು ಮತ್ತೆ ಲೈಬ್ರರಿ ತೆರೆಯಲು ಹೋದರೆ ಫೈಲು ಕೆಟ್ಟಿದೆ ಅಂತ ಬಂತು. ಅವನೂ ನೋಡಿದ, ಅದೇ. ಹೆದರಿ ನಕಲಿನ ಡಿಸ್ಕು ತೆರೆದರು. ಅಷ್ಟು ಹೊತ್ತಿಗೆ ಮಧ್ಯಾಹ್ನದ ನಕಲು ಮುಗಿದುಹೋಗಿತ್ತು. ಕೆಟ್ಟ ಲೈಬ್ರರಿ ಒಳ್ಳೆಯದರ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ಇಷ್ಟು ಸಾಲದು ಅಂತ ಕರೆಂಟೂ ಹೋಯಿತು. ಯು.ಪಿ.ಎಸ್. ಕೂಗಲು ಶುರುಮಾಡಿತು.

ನಾನು ಮೇಡಮ್‌ಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಯಾರೂ ಏನೂ ಮುಟ್ಬೇಡಿ. ಇನ್ನೊಂದ್ಸಲ ಸೇವ್ ಒತ್ಬೇಡಿ. ಆಫ್ ಮಾಡಿ ಆನ್ ಮಾಡೋ ಬುದ್ಧಿವಂತಿಕೆ ಅಂತೂ ಬೇಡ್ವೇ ಬೇಡ. ಪರದೆಗಳನ್ನ ಆರ್ಸಿ, ಯಂತ್ರ ಓಡ್ಲಿ. ಬರ್ತೀನಿ."

ತಮ್ಮನಿಗೆ ಕೈ ತುರಿಸುತ್ತಿತ್ತು. "ಅಕ್ಕಾ, ಒಂದೇ ಒಂದ್ಸಲ ರೀಸ್ಟಾರ್ಟ್ ಮಾಡಿದ್ರೆ ಸರಿಹೋಗ್ಬಿಡುತ್ತೆ" ಅಂದ. ನಾನು ಸ್ವಿಚ್ಚಿಗೆ ಅಡ್ಡ ನಿಂತೆ. ಅಮ್ಮ ಒದ್ದೆ ಕೈಯಲ್ಲಿ ಬಂದು, ಆ ಟಿ.ವಿ.ನಾದ್ರೂ ಆರ್ಸಿ, ಬ್ಯಾಟ್ರಿ ಉಳೀಲಿ ಅಂದಳು. ಅಪ್ಪನಿಗೆ ನಾವು ಏನೂ ಹೇಳಿರಲಿಲ್ಲ. ಟಿ.ವಿ. ಆರಿಸಿದರೆ ಯಾಕೆ ಅಂತ ಕೇಳುತ್ತಾನೆ. ಏನು ಹೇಳುವುದು? ನೀನು ಬರೆದದ್ದೆಲ್ಲ ಹೋಯಿತು ಅನ್ನುವುದಾ? ಆರಿಸುವುದು ಬೇಡ ಅಂದೆ. ಟವೆಲ್ಲಿನ ವಿಷಯ ಗೊತ್ತಾದ ಕೂಡಲೆ ಅಮ್ಮ ಬಚ್ಚಲಿಗೆ ಓಡಿ ಬಕೆಟ್ಟಿನಿಂದ ಅದನ್ನು ತೆಗೆದು ಹಿಂಡಲು ಶುರುಮಾಡಿದಳು.

ಮೇಡಮ್ ಅಣ್ಣನ ಬೈಕಿನಲ್ಲಿ ಬಂದರು. ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ಒಂದು ಪರದೆ ಹಾಕಿಸಿ ನೋಡಿದರು, ನಕಲಿನ ಡಿಸ್ಕನ್ನೂ ನೋಡಿದರು. ನೀಲಿ ಕುರ್ಚಿಯಲ್ಲಿ ಕೂತುಬಿಟ್ಟರು. "ಒಂದ್ ನಕಲು ಸಾಕು ಅಂತ ನಾನೇ ಹೇಳಿದ್ದು. ನೆನ್ನೇದು, ಮೊನ್ನೇದು ಬೇರೆ ಬೇರೆ ಇಡ್ಬೇಕಿತ್ತು. ಊರಿಗೆಲ್ಲ ಪಾಠ ಹೇಳ್ತೀನಿ" ಅಂದರು. ಇಪ್ಪತ್ತು ವರ್ಷದಿಂದ ಅವರ ಹೆದರಿಕೆ ನೋಡಿದ್ದೇನೆ, ಆ ಥರದ್ದನ್ನು ನೋಡಿರಲಿಲ್ಲ. ಎಲ್ಲ ಹೆದರಿಕೆಗೂ ಏನಾದರೊಂದು ಮಾಡುತ್ತಿದ್ದವರು ಏನೂ ಮಾಡದೆ ಕೂತಿದ್ದರು.

ಆಗ ಹಿಂದಿನ ಕೋಣೆಯಿಂದ ಅಪ್ಪ ಕೂಗಿದ. "ಮಗಾ, ಬಾ ಇಲ್ಲಿ. ಈ ಮಾವಿನಕಾಯಿ ಅಂಚು ನೋಡು. ಏನ್ ಚೆನ್ನಾಗೈತೆ!"

ಮೇಡಮ್ ತಲೆ ಎತ್ತಿದರು.

"ಅಪ್ಪಾಜಿ ಏನ್ ನೋಡ್ತಿದಾರೆ?"

"ಲೈಬ್ರರಿನೇ ಮೇಡಮ್. ಬೆಳಗ್ಗೆ ಹಾಕ್ಕೊಟ್ಟಿದ್ದೆ."

"ಬೆಳಗ್ಗೆ ಹಾಕಿದ್ದು? ಮಧ್ಯ ಮುಚ್ಚಿ ಮತ್ತೆ ತೆಗ್ದಿಲ್ವಾ?"

"ಇಲ್ಲ."

ಅವರು ಎದ್ದು ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ, "ಅಪ್ಪಾಜಿ, ನೋಡ್ತಾ ಇರಿ. ದಮ್ಮಯ್ಯ ಅಂತೀನಿ, ನಿಲ್ಲಿಸ್ಬೇಡಿ" ಅಂದರು. "ನಿಲ್ಸು ಅಂದ್ರೂ ನಿಲ್ಸಲ್ಲ ಬಿಡು ತಾಯಿ" ಅಂದ ಅಪ್ಪ.

ಕೀಬೋರ್ಡಿನ ಮುಂದೆ ಕೂತು ಹೊಡೆಯುತ್ತಲೇ ನನಗೆ ಹೇಳಿದರು. ಮತ್ತೆ ಅದೇ ಕ್ಲಾಸಿನ ದನಿ. ಸಾಫ್ಟ್‌ವೇರು ಸೇವ್ ಮಾಡುವಾಗ ಹಳೆಯ ಫೈಲಿನ ಮೇಲೆಯೇ ಬರೆಯುವುದಿಲ್ಲ, ಪಕ್ಕದಲ್ಲಿ ಹೊಸದೊಂದನ್ನು ಬರೆದು ಹಳೆಯದರ ಹೆಸರನ್ನು ಅದಕ್ಕೆ ಕೊಡುತ್ತದೆ. ಆ ಹೊಸದನ್ನೇ ಗಂಡ ಹೆಂಡತಿ ಒಟ್ಟಿಗೆ ಬರೆದು ಕಲಸಿಹಾಕಿದ್ದರು. "ಹಳೇದರ ಹೆಸರು ಹೋಗಿದೆ ಕಣೇ, ಹಳೇದು ಹೋಗಿಲ್ಲ. ಯಾರಾದ್ರೂ ಒಬ್ರು ಅದನ್ನ ತೆರೆದು ಹಿಡ್ಕೊಂಡಿದ್ರೆ ಕರ್ನೆಲ್ ಅದನ್ನ ಅಳಿಸಲ್ಲ. ಹೆಸರಿಲ್ಲದೆ ಒಳಗೇ ಇರ್ತದೆ. ಅಪ್ಪಾಜಿ ಬೆಳಗ್ಗೆಯಿಂದ ಹಿಡ್ಕೊಂಡು ಕೂತಿದಾರೆ. ಯಂತ್ರ ಆರಿದ್ರೆ ಅವರ ಕೈನೂ ಬಿಟ್ಟೋಗ್ತದೆ, ಅಷ್ಟರೊಳಗೆ ತೆಗೀಬೇಕು." ರೀಸ್ಟಾರ್ಟ್ ಮಾಡಲು ಹೊರಟಿದ್ದ ತಮ್ಮ ಸ್ವಿಚ್ಚಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

ಅಪ್ಪನ ಟಿ.ವಿ.ಗೆ ಚಿತ್ರ ಕಳಿಸುತ್ತಿದ್ದ ಪ್ರೋಗ್ರಾಮನ್ನು ಹುಡುಕಿ, ಅದು ಹಿಡಿದಿದ್ದ ಹೆಸರಿಲ್ಲದ ಫೈಲನ್ನು ಬ್ಯಾಗಿನಿಂದ ತೆಗೆದ ಪೆನ್‌ಡ್ರೈವಿಗೆ ನಕಲು ಮಾಡಲು ಯಂತ್ರಕ್ಕೆ ಅಪ್ಪಣೆ ಕೊಟ್ಟರು. ಯು.ಪಿ.ಎಸ್. ಬಿಟ್ಟು ಬಿಟ್ಟು ಕೂಗುತ್ತಿದ್ದದ್ದು ಬೇಗಬೇಗ ಕೂಗಲು ಶುರುಮಾಡಿತು. ಪರದೆಯ ಮೇಲೆ ನಕಲು ಮುಗಿಯಿತು ಅಂತ ಬಂತು. ತಮ್ಮ "ಆಯ್ತು!" ಅಂತ ಚೀರಿ ಪೆನ್‌ಡ್ರೈವಿಗೆ ಕೈ ಹಾಕಿದ. ಮೇಡಮ್ ಅವನ ಕೈಗೆ ಪಟ್ಟನೆ ಹೊಡೆದರು.

"ಬಸ್ ಹತ್ತಿದೆ ಅಷ್ಟೇ ಕಣೋ."

ಸಿಂಕ್ ಹೊಡೆದರು. ಪೆನ್‌ಡ್ರೈವಿನ ಸಣ್ಣ ದೀಪ ಮಿನುಗುತ್ತಲೇ ಇತ್ತು. ಯು.ಪಿ.ಎಸ್. ಈಗ ಉಸಿರು ಬಿಡದೆ ಕೂಗುತ್ತಿತ್ತು. ತಮ್ಮನ ಹೆಂಡತಿ ಜಗಳ ಮರೆತು ಅವನ ತೋಳು ಹಿಡಿದುಕೊಂಡಿದ್ದಳು. ಅಮ್ಮ ಮನೆದೇವರಿಗೆ ಏನೇನೋ ಹರಕೆ ಹೊರುತ್ತಿದ್ದಳು. ನಾನು ಆ ದೀಪವನ್ನೇ ನೋಡುತ್ತಿದ್ದೆ. ಅದು ನಿಂತಿತು. ಮೇಡಮ್ ಮತ್ತೆ ಹೊಡೆದರು. ಮೂರನೆಯದನ್ನು ಹೊಡೆಯುತ್ತಿದ್ದಾಗ ಪರದೆ ಕಪ್ಪಾಯಿತು. "ಹೋಯ್ತಲ್ರಪ್ಪಾ ಕರೆಂಟು" ಅಂದ ಅಪ್ಪ ಹಿಂದಿನಿಂದ.

ಮೇಡಮ್ ಪೆನ್‌ಡ್ರೈವ್ ತೆಗೆದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು. "ತೆರೆದು ನೋಡೋವರ್ಗೂ ಯಾರೂ ನಗ್ಬೇಡಿ" ಅಂದರು. ನನ್ನ ಮನೆಯಲ್ಲಿ ಲ್ಯಾಪ್‌ಟಾಪ್ ಇತ್ತು. ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಪಕ್ಕದ ಬೀದಿಯವರೆಗೆ ನಡೆದರು. ದಾರಿಯಲ್ಲಿ ಒಂದು ನಾಯಿ ಬೊಗಳಿದ್ದಕ್ಕೆ ನನ್ನ ಕೈ ಹಿಡಿದುಕೊಂಡರು. ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೊಂದು ಡಿಸೈನನ್ನೂ ತೆರೆದು ನೋಡಿದರು. ಎಲ್ಲವೂ ಇದ್ದವು. ಅವತ್ತು ಬೆಳಗ್ಗೆಯವರೆಗಿನ ಎಲ್ಲವೂ. ಆಗ ನೀರು ಕೇಳಿದರು.

ಅಪ್ಪನಿಗೆ ಹೇಳುವುದು ಬೇಡ ಅಂತ ನಾವು ಅಂದರೂ ಅವರು ಕೇಳಲಿಲ್ಲ. ವಾಪಸ್ ಬಂದು ಹಿಂದಿನ ಕೋಣೆಗೆ ಹೋಗಿ ಅಪ್ಪನ ಎದುರು ನಿಂತು, ನನ್ನಿಂದ ಎಲ್ಲ ಹೋಗ್ತಿತ್ತು ಅಪ್ಪಾಜಿ ಅಂದರು. "ನಮಗೆ ಎಳೆ ಕಡಿಯೋದು ಹೊಸದೇನಮ್ಮ? ಕಡಿದ ಜಾಗ ಹುಡುಕಿ ಗಂಟು ಹಾಕ್ದೆ ತಾನೆ? ಕೂತ್ಕೋ, ಊಟ ಮಾಡು" ಅಂದ ಅಪ್ಪ.

ಆಮೇಲೆ ಲೈಬ್ರರಿಯ ನಕಲುಗಳು ಮೂರು ಕಡೆ ಇರುವ ಹಾಗಾಯಿತು. ಅಂಗಡಿಯಲ್ಲೊಂದು, ನನ್ನ ಮನೆಯಲ್ಲೊಂದು, ತೂಬಗೆರೆಯಲ್ಲೊಂದು. ಟವೆಲ್ಲೂ ಎರಡಾದವು. ಒಂದು ಒಗೆಯಲು ಹೋದರೆ ಇನ್ನೊಂದು ಇರಲಿ ಅಂತ. ಒಗೆಯುವ ದಿನ ಎರಡನೆಯದನ್ನು ಕುರ್ಚಿಗೆ ಹಾಕದೆ ಮೊದಲನೆಯದನ್ನು ಬಕೆಟ್ಟಿಗೆ ಹಾಕುವುದಿಲ್ಲ ಅಂತ ಅಮ್ಮನ ಕೈಯಲ್ಲಿ ಭಾಷೆ ತೆಗೆದುಕೊಂಡರು.

ಹೋದ ತಿಂಗಳು ತೂಬಗೆರೆಯಲ್ಲಿ ಅವರನ್ನು ಮಣ್ಣು ಮಾಡಿ ಬಸ್ಸಿನಲ್ಲಿ ವಾಪಸ್ ಬಂದೆವು. ಮನೆಯೊಳಗೆ ಕಾಲಿಟ್ಟ ಕೂಡಲೆ ನನ್ನ ಕೈ ಫೋನ್ ತೆಗೆದಿತ್ತು. ತಲುಪಿದೆ ಅಂತ ಹೇಳಬೇಕಲ್ಲ. ಅವರ ನಂಬರಿನವರೆಗೂ ಹೋಗಿ ನಿಲ್ಲಿಸಿದೆ. ಆ ಸಂಜೆ ಅಪ್ಪ ಗೋಡೆ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದ. ಟವೆಲ್ ಎಲ್ಲಿದೆ ಅಂತ ಕೇಳಿದ. ಮಡಿಸಿಟ್ಟಿದ್ದ ಎರಡನೆಯದನ್ನು ಅವನ ಕೈಗೆ ಕೊಟ್ಟೆವು. ಅವನು ತಡಕುತ್ತಾ ಹೋಗಿ ಯು.ಪಿ.ಎಸ್. ಪಕ್ಕದ ನೀಲಿ ಕುರ್ಚಿಯನ್ನು ಹುಡುಕಿ, ಅದರ ಬೆನ್ನಿಗೆ ಟವೆಲ್ ಹಾಕಿ, ಅಂಚು ಎಳೆದು ಸರಿಮಾಡಿ ಒಳಗೆ ಹೋದ.

ಅವತ್ತಿನಿಂದ ಒಂದೇ ಟವೆಲ್ಲಿನಲ್ಲಿ ಕೆಲಸ ನಡೆಯುತ್ತಿದೆ. ಸೀರೆ ಹಾಕಿಸಲು ಬಂದವರು ಜಾಗವಿಲ್ಲದಿದ್ದರೆ ನಿಂತೇ ಇರುತ್ತಾರೆ, ಆ ಕುರ್ಚಿಯಲ್ಲಿ ಕೂರುವುದಿಲ್ಲ. ಇವತ್ತು ಬೆಳಗ್ಗೆ ಅಮ್ಮ ಬಂದು, ಇದು ಗಬ್ಬು ನಾರ್ತಿದೆ, ಒಗೀಬೇಕು, ಭಾಷೆ ಕೊಟ್ಟಿದೀನಿ, ಆ ಕುರ್ಚಿ ಮೇಲಿಂದು ತಂದು ಹಾಕು ಅಂದಳು. ತಮ್ಮ, ಆರ್ಡರ್ ಇದೆ ಅಂತ, ನನ್ನ ಮುಖ ನೋಡಿದ. ಅವನ ಹೆಂಡತಿ ಮೆಲ್ಲಗೆ, "ತೆಗೀರಿ ಅಕ್ಕ, ಹಂಗೇ ಬಿಟ್ರೆ ಮೇಡಮ್ಮೇ ಬೈತಿದ್ರು" ಅಂದಳು. ಅದೂ ನಿಜವೇ. ಟವೆಲ್ಲಿಲ್ಲದೆ ಇಬ್ಬರು ಸೇವ್ ಒತ್ತಿದರೆ ಏನಾಗುತ್ತದೆ ಅಂತ ನಮ್ಮಷ್ಟು ಗೊತ್ತಿರುವವರು ಊರಲ್ಲೇ ಇಲ್ಲ. ನಾನು ನೀಲಿ ಕುರ್ಚಿಯ ಹತ್ತಿರ ಹೋದೆ. ಟವೆಲ್ಲಿನ ಕೆಂಪು ಅಂಚು ಮುಟ್ಟಿದೆ. ಗೇಟಿನ ಕಡೆ ಏನೋ ಸದ್ದಾಯಿತು. ತಿರುಗಿ ನೋಡಿದೆ, ಯಾರೂ ಇರಲಿಲ್ಲ.

"ಇವತ್ತು ಯಾರೂ ಸೇವ್ ಮಾಡೋದು ಬೇಡ" ಅಂದೆ.

ಅವರು ಇನ್ನು ಬರಲ್ಲ ಅಂತ ಖಾತ್ರಿ ಆದವರು ತೆಗೆಯಬೇಕು ಅಂದಿದ್ದರು ಮೇಡಮ್. ನನಗಿನ್ನೂ ಆಗಿಲ್ಲ.